ಯಾವ 275?

ನಮ್ಮ ಕಡೆ ಟ್ರಾಕ್ಟರನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆಯೋದಿಲ್ಲ. "ಅವರ್ದು ಏಳ್ನೂರ ಮೂವತ್ತೈದು", "ಇಪ್ಪತ್ತೈದು ಹನ್ನೊಂದು ಮಾರ್ಬುಟ್ರಂತ", "ಎರಡ್ನೂರ ಎಪ್ಪತ್ತೈದು ಬಂತು, ದಾರಿ ಬುಡಿ". ಉಡಿಗಾಲದ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಕಿವಿಗೆ ಬೀಳೋದೆಲ್ಲ ಅಂಕಿಗಳೇ. ಕಂಪನಿ ಯಾವುದು, ಎಷ್ಟು ಎಚ್‌ಪಿ, ಎಷ್ಟು ಹಳೆಯದು, ಎಲ್ಲ ಆ ಒಂದು ನಂಬರಿನಲ್ಲೇ ಬಂತು ಅಂತ ಲೆಕ್ಕ. ಗಾಡಿ ಓಡುತ್ತಿರುವವರೆಗೂ ಆ ಲೆಕ್ಕ ಸರಿಯಾಗೇ ಇರುತ್ತದೆ. ನಿಂತಾಗಲೇ ತೊಂದರೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ "ಯಾವ ಮಾಡಲ್ಲು?" ಅಲ್ಲಿ ನಾವು ಹೇಳುವ ಅಂಕಿಗೂ ಅವರು ಕಪಾಟಿನಿಂದ ತೆಗೆಯುವ ಸಾಮಾನಿಗೂ ನಡುವೆ ಕೆಲವು ಸಲ ಐವತ್ತು ವರ್ಷದ ಅಂತರ ಇರುತ್ತದೆ.

ನಮ್ಮ ದೊಡ್ಡಪ್ಪನ ಟ್ರಾಕ್ಟರಿನ ವಿಷಯದಲ್ಲಿ ಆಗಿದ್ದು ಇದೇ. ತಾತ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಗಾಡಿ. ಬಣ್ಣ ಎಷ್ಟು ಸಲ ಬಳಿದಿದ್ದಾರೋ ಲೆಕ್ಕವಿಲ್ಲ. ಮುಂದಿನ ಬ್ಯಾಡ್ಜು ಎಂದೋ ಉದುರಿಹೋಗಿದೆ. ಬಾನೆಟ್ ಪಕ್ಕದಲ್ಲಿ ಪೇಂಟರ್ ಕೈಯಲ್ಲಿ ಬರೆಸಿದ "275" ಒಂದು ಉಳಿದಿದೆ, ಅದರ ಮೇಲೆ ಮಾದಪ್ಪನ ಹೆಸರು. ಹೋದ ವರ್ಷ ರೇಡಿಯೇಟರಿನಲ್ಲಿ ನೀರು ಗುಳುಗುಳು ಅನ್ನೋಕೆ ಶುರುವಾಯಿತು. ಎಂಜಿನ್ ಆಯಿಲ್ ತೆಗೆದು ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನೋದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಪೇಟೆಗೆ ಹೋಗಿ "275ರ ಹೆಡ್ ಗ್ಯಾಸ್ಕೆಟ್ ಕೊಡಿ" ಅಂದ. ಅವರು ಕೊಟ್ಟರು. ಮನೆಗೆ ತಂದು ಎಂಜಿನ್ ಮೇಲೆ ಇಟ್ಟರೆ ಗ್ಯಾಸ್ಕೆಟ್ಟಿನಲ್ಲಿ ಮೂರು ದೊಡ್ಡ ತೂತು, ಬ್ಲಾಕಿನಲ್ಲಿ ನಾಲ್ಕು ಸಿಲಿಂಡರ್.

"ಒಂದ್ ಕಣ್ಣೇ ಕಮ್ಮಿ ಅದಲ್ಲ ಮೊಗ ಇದ್ಕ" ಅಂದರು ದೊಡ್ಡಪ್ಪ.

ಅಂಗಡಿಯವರ ತಪ್ಪೇನೂ ಇಲ್ಲ. ಇವತ್ತು ಶೋರೂಮಿನಲ್ಲಿ ಸಿಗುವ ಮಹೀಂದ್ರ 275 ಡಿಐ ಟಿಯು ಮೂರು ಸಿಲಿಂಡರಿನದ್ದು, 39 ಎಚ್‌ಪಿ. ಕೇಳಿದ ನಂಬರಿಗೆ ಸರಿಯಾದ ಸಾಮಾನನ್ನೇ ಕೊಟ್ಟಿದ್ದಾರೆ. ಅಷ್ಟರಲ್ಲಿ ಗುಜರಿಯವನೊಬ್ಬ ಎರಡು ಸಲ ಬಂದು ಕೆಜಿ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದ. ಅರಿಸಿನ ಕೀಳೋ ಕಾಲ ಹತ್ತಿರ ಬರುತ್ತಿತ್ತು. ಬಾಡಿಗೆ ಗಾಡಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟು ದೊಡ್ಡಪ್ಪ ಸುಸ್ತಾಗಿದ್ದರು. ಅಣ್ಣನಿಗೋ ಆ ಕಬ್ಬಿಣ ತೊಲಗಿದರೆ ಕೊಟ್ಟಿಗೆ ಪಕ್ಕ ಜಾಗ ಆಗುತ್ತೆ ಅಂತ. ಬೆಂಗಳೂರಿನಲ್ಲಿ ಕೂತ ನನಗೆ ಇಬ್ಬರೂ ಫೋನ್ ಮಾಡಿದರು. "ನೀನು ಎಂಜಿನಿಯರ್ ಅಲ್ವಾ, ಇದ್ಯಾವ್ದು ಅಂತ ಕಂಡುಹಿಡಿ." ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಊರಿನಲ್ಲಿ ಆ ವ್ಯತ್ಯಾಸಕ್ಕೆ ಬೆಲೆ ಇಲ್ಲ!

ಹುಡುಕೋಕೆ ಕೂತಾಗ ಮೊದಲು ಗೊತ್ತಾದದ್ದು, ಟ್ರಾಕ್ಟರ್ ನಂಬರುಗಳಿಗೆ ಒಂದೇ ವ್ಯಾಕರಣ ಇಲ್ಲ ಅನ್ನೋದು. ಒಂದೊಂದು ಕಂಪನಿಯದ್ದು ಒಂದೊಂದು ಭಾಷೆ. ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ನಮ್ಮ ಎಚ್‌ಎಂಟಿ. ಹೌದು, ಅಪ್ಪಂದಿರ ಕೈಯಲ್ಲಿ ಕಟ್ಟಿದ್ದ ವಾಚಿನ ಅದೇ ಬೆಂಗಳೂರು ಕಂಪನಿ, ಟ್ರಾಕ್ಟರ್ ಮಾಡಿದ್ದು ಮಾತ್ರ ಹರಿಯಾಣದ ಪಿಂಜೋರಿನಲ್ಲಿ, 1971ರಿಂದ. ತಂತ್ರಜ್ಞಾನ ಬಂದದ್ದು ಚೆಕೊಸ್ಲೊವಾಕಿಯಾದ ಜೀಟರಿನದ್ದು. ಅದಕ್ಕೇ ಇವತ್ತಿಗೂ ವಯಸ್ಸಾದವರ ಬಾಯಲ್ಲಿ ಅದು "ಜೀಟರ್" ಟ್ರಾಕ್ಟರು. 2511 ಅಂದರೆ ಮೊದಲ ಎರಡಂಕಿ 25 ಎಚ್‌ಪಿ, 3511 ಅಂದರೆ 35. ಜೀಟರಿನ ಆ ತಲೆಮಾರಿನಲ್ಲಿ 2511ಕ್ಕೆ ಎರಡು ಸಿಲಿಂಡರ್, 3511ಕ್ಕೆ ಮೂರು. ಒಂದೇ ಅಳತೆಯ ಸಿಲಿಂಡರನ್ನು ಎರಡು, ಮೂರು, ನಾಲ್ಕು ಅಂತ ಸಾಲಾಗಿ ಜೋಡಿಸುತ್ತಾ ಹೋಗಿ ಬೇರೆ ಬೇರೆ ಟ್ರಾಕ್ಟರ್ ಮಾಡುವ ಯೋಚನೆ ಅವರದ್ದು. ಬಿಡಿಭಾಗ ಒಂದಕ್ಕೊಂದು ಹೊಂದುತ್ತಿದ್ದವು. ಆ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಲದಲ್ಲಿ ಓಡುತ್ತಿರುವ ಗಾಡಿಗಳು ಇನ್ನೂ ಇವೆ.

ಸ್ವರಾಜ್‌ನದ್ದು ಹಿಂದುಮುಂದು: ಕೊನೆಯ ಎರಡಂಕಿ ನೋಡಬೇಕು. 735, 744, 855. ಮೊದಲ ಅಂಕಿ ಸರಣಿ, ಉಳಿದದ್ದು ಹೆಚ್ಚುಕಮ್ಮಿ ಎಚ್‌ಪಿ. ಇವರ ಮೊದಲ ಗಾಡಿ 724, 1974ರದ್ದು. ದುರ್ಗಾಪುರದ ಕೇಂದ್ರ ಯಂತ್ರ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ವಿನ್ಯಾಸ ಮಾಡಿದ್ದು. ಹೊರದೇಶದ ನಕ್ಷೆ ಇಲ್ಲದೆ ಮಾಡಿದ್ದರಿಂದಲೇ ಆ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತೆ. ಮ್ಯಾಸ್ಸಿ ಫರ್ಗ್ಯುಸನ್ 1035ರಲ್ಲಿ 35ನ್ನು ಹಿಡಿಯಬೇಕು. ಅದು 1957ರ ಹೊತ್ತಿನ ಇಂಗ್ಲೆಂಡಿನ ಎಂಎಫ್ 35ರ ವಂಶ, ಇಲ್ಲಿ ಮಾಡಿದ್ದು ಚೆನ್ನೈನ ಟಾಫೆ. ಅದಕ್ಕೂ ಹಿಂದಿನ ಫರ್ಗ್ಯುಸನ್ ಟಿಇ 20ರಲ್ಲಿ ಟಿಇ ಅಂದರೆ 'ಟ್ರಾಕ್ಟರ್ ಇಂಗ್ಲೆಂಡ್'. ಅಮೆರಿಕದಲ್ಲಿ ಮಾಡಿದ್ದು ಟಿಓ, 'ಟ್ರಾಕ್ಟರ್ ಓವರ್‌ಸೀಸ್'. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಈ ಫರ್ಗ್ಯುಸನ್ ಟ್ರಾಕ್ಟರುಗಳಲ್ಲೇ. ದೊಡ್ಡಪ್ಪನಿಗೆ ಹೇಳಿದೆ. "ಅಲ್ಲಿ ಏನ್ ಉಳಕ ಹೋಗಿದ್ರು?" ಅಂತ ಕೇಳಿದರು.

ಫೋರ್ಡ್ 3600 ಇದಕ್ಕೆಲ್ಲ ಹೊರತು. ಅದರಲ್ಲಿ ಎಚ್‌ಪಿ ಹುಡುಕಿದರೆ ಸಿಗೋದಿಲ್ಲ. 1965ರಲ್ಲಿ ಫೋರ್ಡ್ 2000, 3000, 4000, 5000 ಅಂತ ಗಾತ್ರದ ಪ್ರಕಾರ ಹೆಸರಿಟ್ಟಿತು. ಹತ್ತು ವರ್ಷದ ಮೇಲೆ ಅದೇ ಸಾಲಿನ ಸುಧಾರಿತ ಗಾಡಿಗಳಿಗೆ 2600, 3600 ಅಂತ ಮಾಡಿತು. ಇನ್ನು ಐಷರ್. 1959ರಲ್ಲಿ ಫರಿದಾಬಾದಿನಲ್ಲಿ, ಜರ್ಮನಿಯ ಸಹಾಯದಿಂದ ನಮ್ಮ ದೇಶದಲ್ಲೇ ತಯಾರಾದ ಮೊದಲ ಟ್ರಾಕ್ಟರು. ಹಳೆಯ ಐಷರನ್ನು ಗುರುತಿಸೋಕೆ ನಂಬರೇ ಬೇಡ. ಒಂದೇ ಸಿಲಿಂಡರು, ಗಾಳಿಯಿಂದ ತಣಿಯುವ ಎಂಜಿನ್ನು, ರೇಡಿಯೇಟರ್ ಇಲ್ಲ. ಟಕ್ ಟಕ್ ಸದ್ದು ಎರಡು ಹೊಲದಾಚೆಯಿಂದಲೇ ಹೇಳುತ್ತೆ.

ಈಗ ನಮ್ಮ 275ಕ್ಕೆ ಬರೋಣ. ಇದರಲ್ಲಿ ಮೊದಲ ಎರಡಂಕಿ ಹಿಡಿದರೂ ಎಚ್‌ಪಿ ಅಲ್ಲ, ಕೊನೆಯ ಎರಡಂಕಿ ಹಿಡಿದರಂತೂ 75 ಆಗಿಬಿಡುತ್ತೆ. ಇದು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಇಂಗ್ಲೆಂಡಿನ ಡಾಂಕಾಸ್ಟರ್ ಕಾರ್ಖಾನೆಯಲ್ಲಿ 1958ರಿಂದ ಮಾಡಿದ ಬಿ-275. 'ಬಿ' ಅಂದರೆ ಬ್ರಿಟನ್ನು. ಅದಕ್ಕಿಂತ ಮುಂಚೆ ಬಿ-250 ಅಂತ ಒಂದಿತ್ತು, ಅದರ ಮುಂದಿನದಕ್ಕೆ 275 ಅಂದರು, ಅಷ್ಟೇ. ಗಾಡಿ 35 ಎಚ್‌ಪಿಯದ್ದು. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಮೂವರೂ ಸೇರಿ ಮುಂಬೈಯಲ್ಲಿ ಇಂಟರ್‌ನ್ಯಾಷನಲ್ ಟ್ರಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದರು. ಬಿ-275 ಹೀಗೆ ನಮ್ಮ ದೇಶಕ್ಕೆ ಬಂತು. 1977ರಲ್ಲಿ ಆ ಕಂಪನಿ ಮಹೀಂದ್ರದೊಳಗೆ ಸೇರಿಹೋಯಿತು. ತಾತ ಸಾಯೋವರೆಗೂ ಇದನ್ನು "ಇಂಟರ್‌ನ್ಯಾಷನಲ್" ಅಂತಲೇ ಕರೆಯುತ್ತಿದ್ದರು. ನಾವು ಮಕ್ಕಳು ಅದು ತಾತನ ಜಂಬದ ಮಾತು ಅಂದುಕೊಂಡು ನಗುತ್ತಿದ್ದೆವು. ಅವರು ಕಂಪನಿ ಹೆಸರನ್ನೇ ಹೇಳುತ್ತಿದ್ದರು.

ಎಂಜಿನ್ನು ಬದಲಾಯಿತು, ಸಿಲಿಂಡರ್ ಕಮ್ಮಿ ಆಯಿತು, ಎಚ್‌ಪಿ ಹೆಚ್ಚಾಯಿತು. 275 ಮಾತ್ರ ಹಾಗೇ ಉಳಿಯಿತು. ಜನರ ಬಾಯಲ್ಲಿ ಕೂತ ಹೆಸರನ್ನು ಯಾವ ವ್ಯಾಪಾರಿ ಬಿಡುತ್ತಾನೆ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಳಗಿನದ್ದನ್ನು ಬದಲಾಯಿಸಿ ವರ್ಷನ್ ನಂಬರ್ ಬದಲಾಯಿಸದೆ ಬಿಟ್ಟರೆ ಸೋಮವಾರದ ಮೀಟಿಂಗಿನಲ್ಲಿ ಮಂಗಳಾರತಿ ಆಗುತ್ತೆ. ಟ್ರಾಕ್ಟರಿನವರಿಗೆ ಆ ಮೀಟಿಂಗ್ ಇಲ್ಲ ಅಂತ ಕಾಣುತ್ತೆ.

ಹಾಗಾದರೆ ಬಾನೆಟ್ಟಿನ ತಗಡನ್ನು ನಂಬದೆ ನೋಡೋದು ಎಲ್ಲಿ? ಒಂದು ಶನಿವಾರ ಊರಿಗೆ ಹೋಗಿ ಅಣ್ಣನ ಜೊತೆ ಕೂತೆ. ಸೀಮೆಎಣ್ಣೆ, ತಂತಿ ಬ್ರಷ್ಷು, ಹಳೇ ಬನೀನು, ಸೀಮೆಸುಣ್ಣ, ಟಾರ್ಚು. ಗ್ರೈಂಡರ್ ಮಾತ್ರ ಹತ್ತಿರ ತರಬೇಡಿ. ಒಂದು ನಿಮಿಷದಲ್ಲಿ ಫಳಫಳ ಹೊಳೆಯುತ್ತೆ, ನಂಬರೂ ಹೋಗುತ್ತೆ. ಚಾಸಿ ನಂಬರ್ ಅಳಿಸಿದ ಗಾಡಿಯನ್ನು ಆಮೇಲೆ ಯಾವ ಆಫೀಸಿನಲ್ಲೂ ಒಪ್ಪಿಸೋದು ಕಷ್ಟ.

ಜಿಡ್ಡು ಹೋದ ಮೇಲೆ ಕಬ್ಬಿಣದ ಮೇಲೆ ಎರಡು ಬಗೆಯ ಬರಹ ಕಾಣಿಸುತ್ತೆ. ಒಂದು ಉಬ್ಬು ಅಕ್ಷರ, ಇನ್ನೊಂದು ತಗ್ಗು ಅಕ್ಷರ. ಉಬ್ಬಿದ್ದು ಎರಕ ಹೊಯ್ಯುವಾಗ ಅಚ್ಚಿನಲ್ಲೇ ಇದ್ದದ್ದು. ಅದೇ ಅಚ್ಚಿನಲ್ಲಿ ಹೊಯ್ದ ಎಲ್ಲ ಬ್ಲಾಕುಗಳಿಗೂ ಅದೇ ಇರುತ್ತೆ, ಅಂದರೆ ಅದು ಭಾಗದ ಜಾತಿ ಹೇಳುತ್ತೆ. ತಗ್ಗಿನದ್ದು ಆಮೇಲೆ ಉಳಿಯಿಂದ ಒಂದೊಂದೇ ಅಂಕಿ ಹೊಡೆದದ್ದು. ಅದು ಈ ಒಂದು ಗಾಡಿಗೆ ಮಾತ್ರ ಸೇರಿದ್ದು. ಚಾಸಿ ನಂಬರೂ ಎಂಜಿನ್ ನಂಬರೂ ಇದೇ ತಗ್ಗಿನ ಬಗೆಯವು. ಸೀಮೆಸುಣ್ಣ ತಿಕ್ಕಿ, ಮೇಲಿಂದ ಒಣಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿ ಬಿಳಿ ನಿಂತು ಅಂಕಿ ಎದ್ದು ಕಾಣುತ್ತೆ. ಟಾರ್ಚನ್ನು ಎದುರಿಗೆ ಹಿಡಿಯಬಾರದು, ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಇದು ಶಾಸನ ಓದುವವರ ಕೆಲಸವೇ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಲ್ಲುಗಳನ್ನು ನೂರಿಪ್ಪತ್ತು ವರ್ಷಕ್ಕೂ ಹಿಂದೆ ಓದಿಸಿ ಪುಸ್ತಕ ಮಾಡಿಸಿದ ಬಿ.ಎಲ್. ರೈಸ್ ಕಾಲದವರು ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರೇನೋ.

ಎಂಜಿನ್ನು ಮೂಲದ್ದೋ ಯಾರೋ ಬದಲಾಯಿಸಿದ್ದೋ ಅನ್ನುವ ಅನುಮಾನ ಸೆಕೆಂಡ್ ಹ್ಯಾಂಡ್ ಗಾಡಿಗೆ ಯಾವಾಗಲೂ ಇರುತ್ತೆ. ಅದಕ್ಕೆ ನಾವು ಡೀಸೆಲ್ ಪಂಪ್ ಕಡೆ ತಿರುಗಿದೆವು. ಅಲ್ಲಿ ಒಂದು ಸಣ್ಣ ಲೋಹದ ಪಟ್ಟಿ, ಮೇಲೆ 'ಮೈಕೋ'. ಬೆಂಗಳೂರಿನ ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದದ್ದು. 2008ರಿಂದ ಹೆಸರು ಬಾಷ್. ನಾನು ಪೀಜಿಯಲ್ಲಿದ್ದಾಗ ದಿನಾ ಅದರ ಗೋಡೆ ಪಕ್ಕವೇ ಆಫೀಸಿಗೆ ಹೋಗುತ್ತಿದ್ದೆ, ಒಳಗೆ ಏನು ಮಾಡುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆ ಪಟ್ಟಿಯ ಮೇಲಿನ ಸಂಕೇತ ನನಗೆ ಇಡೀ ಗಾಡಿಯಲ್ಲಿ ತುಂಬಾ ಹಿಡಿಸಿದ್ದು. ಅದರಲ್ಲಿ ಒಂದು ಅಕ್ಷರವೂ ಜಂಬಕ್ಕೆ ಇಟ್ಟದ್ದಲ್ಲ. 'ಪಿಇಎಸ್ 4ಎ 80' ಅಂತ ಇದ್ದರೆ: 'ಪಿ' ಪಂಪು, 'ಇ' ಅಂದರೆ ಅದರೊಳಗೇ ಕ್ಯಾಮ್‌ಶಾಫ್ಟ್ ಇದೆ, 'ಎಸ್' ಎಂಜಿನ್ನಿಗೆ ಫ್ಲಾಂಜಿನಿಂದ ಕೂತಿದೆ, 4 ಸಿಲಿಂಡರಿಗೆ ಡೀಸೆಲ್ ಕೊಡುತ್ತೆ, 'ಎ' ಪಂಪಿನ ಗಾತ್ರ, 80 ಅಂದರೆ ಒಳಗಿನ ಪ್ಲಂಜರ್ 8.0 ಮಿಲಿಮೀಟರ್. ಇನ್ನೂ ಮುಂದೆ ಬರುವ 'ಆರ್' ಅಥವಾ 'ಎಲ್' ಅದು ಬಲಕ್ಕೆ ತಿರುಗುತ್ತೋ ಎಡಕ್ಕೋ ಅನ್ನೋದನ್ನು ಹೇಳುತ್ತೆ. ನಮ್ಮ ಪಟ್ಟಿ ಅರ್ಧ ಸವೆದಿತ್ತು. '4ಎ' ವರೆಗೆ ಓದೋಕಾಯಿತು. ಪಂಪಿನಿಂದ ಹೊರಟ ಪೈಪು ಎಣಿಸಿದರೂ ನಾಲ್ಕೇ. ಓದೋಕೆ ಬಾರದ ಕಡೆ ಎಣಿಸಬಹುದು!

ನಾಲ್ಕು ಸಿಲಿಂಡರ್ ಅಂತ ದೊಡ್ಡಪ್ಪ ಮೊದಲೇ ಹೇಳಿದ್ದರಲ್ಲ, ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಅಣ್ಣನೂ ಕೇಳಿದ. ಕಾರಣ, ಈ ವಂಶದ ನಾಲ್ಕು ಸಿಲಿಂಡರಿನಲ್ಲೂ ಎರಡು ಬಗೆ. ಬಿ-275ರ ಎಂಜಿನ್ನಿನ ಹೆಸರು ಬಿಡಿ-144. 144 ಅಂದರೆ ನಾಲ್ಕು ಸಿಲಿಂಡರಿನ ಒಳ ಅಳತೆ ಒಟ್ಟು 144 ಘನ ಅಂಗುಲ. ಅದರಣ್ಣ ಬಿಡಿ-154. ಹೊರಗಿಂದ ಅವಳಿ ಜವಳಿ. ಸಿಲಿಂಡರಿನ ಅಗಲ ಮಾತ್ರ 144ಕ್ಕೆ 85.7 ಮಿಲಿಮೀಟರ್, 154ಕ್ಕೆ 88.9. ಮೂರು ಮಿಲಿಮೀಟರ್ ಚಿಲ್ಲರೆ. ದೊಡ್ಡ ತೂತಿನ ಗ್ಯಾಸ್ಕೆಟ್ ಸಣ್ಣ ಸಿಲಿಂಡರಿಗೆ ಹಾಕಿದರೆ ಸುತ್ತ ಸಂದು ಉಳಿಯುತ್ತೆ. ಸಣ್ಣದನ್ನು ದೊಡ್ಡದಕ್ಕೆ ಹಾಕಿದರೆ ಅಂಚು ಬೆಂಕಿಯೊಳಕ್ಕೆ ಚಾಚಿಕೊಂಡು ಸುಟ್ಟುಹೋಗುತ್ತೆ. ಎರಡರಲ್ಲೂ ಮತ್ತೆ ಕಾಫಿ ಬಣ್ಣದ ಆಯಿಲ್ಲೇ.

ಹೆಡ್ ಹೇಗೂ ಬಿಚ್ಚಿಟ್ಟಿತ್ತು. ಲೇತ್ ಅಂಗಡಿಯಿಂದ ವರ್ನಿಯರ್ ತಂದು ಅಳೆದೆವು. ಅಗಲ 85.7ಕ್ಕಿಂತ ಕೂದಲೆಳೆ ಜಾಸ್ತಿ ಬಂತು, ಅದು ಸವೆತ. ಪಿಸ್ಟನ್ನನ್ನು ಕೆಳಗಿಳಿಸಿ, ಮೇಲೇರಿಸಿ ಅಳೆದರೆ ಓಟ 101.6, ಅಂದರೆ ಸರಿಯಾಗಿ ನಾಲ್ಕು ಇಂಚು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಯಾವ ಬ್ರಾಂಚಾದರೂ ಒಂದು ಮೆಕ್ಯಾನಿಕಲ್ ಪೇಪರ್ ಬರೆಯಲೇಬೇಕಿತ್ತು. ಅದರ ಲೆಕ್ಕ ಕೊನೆಗೂ ಕೆಲಸಕ್ಕೆ ಬಂತು. ಅಗಲದ ವರ್ಗ, ಗುಣಿಸು 0.7854, ಗುಣಿಸು ಓಟ, ಗುಣಿಸು ನಾಲ್ಕು. ಪುಸ್ತಕದ ಅಳತೆ ಹಾಕಿದರೆ ಸುಮಾರು 2,346 ಸಿಸಿ, ಘನ ಅಂಗುಲದಲ್ಲಿ 143 ಚಿಲ್ಲರೆ. ಬಿಡಿ-144.

ಈ 2,346 ಬರೆದ ಚೀಟಿ ಹಿಡಿದು ಮೈಸೂರಿನ ಒಂದು ಹಳೆಯ ಅಂಗಡಿಗೆ ಹೋದೆವು. ಗಲ್ಲಾದಲ್ಲಿದ್ದ ಹಿರಿಯರು ಚೀಟಿ ನೋಡಿ, "ಇದು ಜೀಪಿಂದೇ ತಾನೇ?" ಅಂದರು. ನನಗೆ ತಕ್ಷಣ ಹೊಳೆಯಲಿಲ್ಲ, ಅವರೇ ಬಿಡಿಸಿ ಹೇಳಿದರು. ಮಹೀಂದ್ರ ಜೀಪುಗಳಲ್ಲಿ ಒಂದು ಕಾಲಕ್ಕೆ ಇದ್ದ ಎಂಡಿ 2350 ಡೀಸೆಲ್ ಎಂಜಿನ್ನಿನ ಮೂಲ ಇದೇ ಇಂಟರ್‌ನ್ಯಾಷನಲ್ ಎಂಜಿನ್ನು. ಟ್ರಾಕ್ಟರಿನವರು ಘನ ಅಂಗುಲದಲ್ಲಿ 144 ಅಂದದ್ದನ್ನು ಜೀಪಿನವರು ಸಿಸಿಯಲ್ಲಿ 2350 ಅಂದರು. ಕಾಡಂಚಿನ ಹಳ್ಳಿಗಳಿಗೆ ಜನ ತುಂಬಿಕೊಂಡು ಹೋಗುತ್ತಿದ್ದ ಆ ಜೀಪುಗಳೂ ನಮ್ಮ ಹೊಲ ಉತ್ತ ಗಾಡಿಯೂ ದಾಯಾದಿಗಳು. ಆಮೇಲೆ ಬಂದ 2523 ಸಿಸಿ ಜೀಪ್ ಎಂಜಿನ್ನಿನ ಅಳತೆ ಲೆಕ್ಕ ಹಾಕಿ ನೋಡಿದೆ. ಅಗಲ 88.9, ಓಟ 101.6. ಬಿಡಿ-154ರ ಅಳತೆಯೇ!

ಅವರು ಅಟ್ಟದಿಂದ ನಾಲ್ಕು ತೂತಿನ ಎರಡು ಗ್ಯಾಸ್ಕೆಟ್ ಇಳಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಬರೀ ಕಣ್ಣಿಗೆ ಎರಡೂ ಒಂದೇ. ನಾವು ಜೊತೆಗೆ ತಂದಿದ್ದ ಸುಟ್ಟ ಗ್ಯಾಸ್ಕೆಟ್ಟನ್ನು ಒಂದೊಂದರ ಮೇಲೂ ಹೊಂದಿಸಿ, ಬೋಲ್ಟಿನ ತೂತು, ನೀರಿನ ತೂತು ಎಲ್ಲ ಬೆಳಕಿಗೆ ಹಿಡಿದು ನೋಡಿ, ವರ್ನಿಯರಿನಲ್ಲಿ ಅಳೆದು ಸಣ್ಣದನ್ನು ಆರಿಸಿದೆವು. ಹಳೇ ಪಾರ್ಟನ್ನು ಬಿಸಾಡದೆ ಅಂಗಡಿಗೆ ತೆಗೆದುಕೊಂಡು ಹೋಗೋದು ಎಲ್ಲ ನಂಬರುಗಳಿಗಿಂತ ದೊಡ್ಡ ಸಾಕ್ಷಿ.

ಒಂದು ಗುರುತನ್ನು ಹೇಳೋಕೆ ಮರೆತಿದ್ದೆ. ಹೊಸ ಗಾಡಿಗಳ ಮೇಲೆ 'ಡಿಐ' ಅಂತ ಇರುತ್ತಲ್ಲ, ಅಂದರೆ ಡೀಸೆಲ್ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತೆ ಅಂತ. ಹಳೆಯ ಬಿ-275ರಲ್ಲಿ ಅದು ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುತ್ತೆ. ಆ ಕೋಣೆ ಚಳಿಯಲ್ಲಿ ಬೇಗ ಕಾಯೋದಿಲ್ಲವಾದ್ದರಿಂದ ಸಿಲಿಂಡರಿಗೊಂದು ಹೀಟರ್ ಪ್ಲಗ್ಗು. ತಾತ ಧನುರ್ಮಾಸದ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೀ ಹಿಡಿದುಕೊಂಡು ಬಾಯಲ್ಲಿ ಏನೋ ಗುನುಗುತ್ತಾ ಕೂತಿರುತ್ತಿದ್ದರು. ದೇವರ ನಾಮ ಅಂದುಕೊಂಡಿದ್ದೆವು. "ಇಪ್ಪತ್ತರ ಗಂಟ ಎಣಿಸ್ತಿದ್ದದು ಕನ ಅದು" ಅಂದರು ದೊಡ್ಡಪ್ಪ. ಹೀಟರ್ ಪ್ಲಗ್ ಕಾಯಲಿ ಅಂತ.

ಗ್ಯಾಸ್ಕೆಟ್ ಕೂತಿತು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿದ್ದು ಸಂತೇಮರಹಳ್ಳಿಯಿಂದ ಬಂದ ಮೆಕ್ಯಾನಿಕ್ಕು, ನಾವು ಟಾರ್ಚ್ ಹಿಡಿದದ್ದಷ್ಟೇ. ಆ ವರ್ಷದ ಅರಿಸಿನ ಅದೇ ಟ್ರೇಲರಿನಲ್ಲಿ ಹೋಯಿತು. ಗುಜರಿಯವನು ಮೂರನೇ ಸಲ ಬಂದಾಗ ಗಾಡಿ ಹೊಲದಲ್ಲಿತ್ತು.

ಈಗ ಉಳಿದಿರೋದು ಕಾಗದ ಪತ್ರದ ಕೆಲಸ. ಆರ್‌ಸಿ ಇನ್ನೂ ತಾತನ ಹೆಸರಿನಲ್ಲೇ ಇದೆ. ಅದರ ನಂಬರು 'ಎಂವೈ' ಇಂದ ಶುರುವಾಗುವ ಮೂರಕ್ಷರದ ಹಳೇ ಸರಣಿಯದ್ದು. ಅಂದರೆ 1989ರಲ್ಲಿ 'ಕೆಎ' ಬರೋದಕ್ಕೆ ಮುಂಚಿನದ್ದು. ನಮ್ಮದು ಬೇರೆ ಜಿಲ್ಲೆಯಾದದ್ದಂತೂ 1997ರಲ್ಲಿ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಬದಲಾಯಿಸೋಕೆ ಫಾರಂ 31 ಕೊಡಬೇಕು. ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳಿದ್ದಾರೆ: ತೆಳು ಕಾಗದ ಇಟ್ಟು ಸೀಸದಿಂದ ತಿಕ್ಕಿ ತೆಗೆದದ್ದು. ದೊಡ್ಡಪ್ಪ ಮೊದಲ ಸಲ ತೆಗೆದ ಅಚ್ಚಿನಲ್ಲಿ ಒಂದು ಅಂಕಿ 3ರ ಹಾಗೆ ಬಂತು, ಆರ್‌ಸಿಯಲ್ಲಿ 8 ಇದೆ. ಮನೆಯಲ್ಲಿ ಎಲ್ಲರ ಮುಖವೂ ಬಾಡಿತು, ಬೇರೆ ಗಾಡಿಯ ಆರ್‌ಸಿ ಇರಬಹುದಾ ಅಂತ. ಕತ್ತಲಾದ ಮೇಲೆ ಟಾರ್ಚನ್ನು ಎಡದಿಂದ ಓರೆಯಾಗಿ ಹಿಡಿದು ನೋಡಿದೆವು. ಆ ಅಂಕಿಯ ಎಡ ಮಗ್ಗುಲಿನಲ್ಲಿ ಹಳೇ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ಅಣ್ಣ ಬೇವಿನ ಕಡ್ಡಿ ಚೂಪು ಮಾಡಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ, ಹತ್ತು ನಿಮಿಷ ಕೆದಕಿದ. ಎಂಟೇ.